ನಿನ್ನೆಯ ದೆವ್ವ, ಅಜ್ಜಿಯ ಭೂತ

ಡಿಸೆಂಬರಿನ ಆ ಶನಿವಾರ ಬೆಳಿಗ್ಗೆ ಪರದೆ ಸರಿಸಿ ನೋಡಿದರೆ ಕಾರು ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ರಾತ್ರಿಯಿಡೀ ಸುರಿದ ಹಿಮ ಅರ್ಧ ಅಡಿ ದಾಟಿತ್ತು. ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್. ಮಿನಿಯಾಪೊಲಿಸ್‌ನಲ್ಲಿ ಹನ್ನೊಂದು ಚಳಿಗಾಲ ಕಳೆದಿರುವ ನಮಗೆ ಇದು ಹೊಸದೇನಲ್ಲ. ಉಡುಪಿ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅಮ್ಮ ಮಾತ್ರ ಕಿಟಕಿಯ ಬಳಿ ನಿಂತು, "ಇಷ್ಟು ಬಿದ್ದ ಮೇಲೂ ಹೋಗುವುದುಂಟಾ?" ಎಂದು ಕೇಳಿದರು.

ಹೋಗದೆ ಇರುವ ಹಾಗಿರಲಿಲ್ಲ. ಗಥ್ರೀ ಥಿಯೇಟರಿನ 'ಎ ಕ್ರಿಸ್ಮಸ್ ಕ್ಯಾರೊಲ್' ನಾಟಕಕ್ಕೆ ಎರಡು ತಿಂಗಳ ಮೊದಲೇ ಟಿಕೆಟ್ ತೆಗೆದಿದ್ದೆವು. ನಮ್ಮ ಮನೆಯಿಂದ ನಾಲ್ಕು ಜನ, ಮೈಸೂರಿನ ಗೆಳತಿಯ ಮನೆಯಿಂದ ನಾಲ್ಕು ಜನ. ನಾಟಕಕ್ಕೆ ಮೊದಲು ಅದರ ಪಕ್ಕದಲ್ಲೇ ಇರುವ ಹಿಟ್ಟಿನ ಗಿರಣಿಯ ಮ್ಯೂಸಿಯಂ, ಆಮೇಲೆ ಗೆಳತಿಯ ಮನೆಯಲ್ಲಿ ಊಟ. ಹೊರನೋಟಕ್ಕೆ ಇಷ್ಟೇ. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಲೆಕ್ಕವಿತ್ತು.

ನನ್ನ ಮಗನಿಗೆ ಒಂಬತ್ತು ವರ್ಷ. ಎರಡನೇ ಕ್ಲಾಸಿನವರೆಗೆ ಅರಳು ಹುರಿದ ಹಾಗೆ ಕನ್ನಡ ಮಾತಾಡುತ್ತಿದ್ದವನು ನಿಧಾನವಾಗಿ ನಿಲ್ಲಿಸಿಬಿಟ್ಟ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಜ್ಜಿ ಬಂದ ಮೇಲೆ ಸರಿಹೋಗುತ್ತಾನೆ ಎಂದು ನಂಬಿಕೊಂಡಿದ್ದೆ. ಸರಿಹೋಗಲಿಲ್ಲ. ಅವನು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ, ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತೇನೆ. ಅಮ್ಮ ಕೇಳಿದ್ದು ಅವನಿಗೆ ತಿಳಿದರೂ ನನ್ನ ಮುಖ ನೋಡುತ್ತಾನೆ, ಅವನ ಪರವಾಗಿ ನಾನೇ ಉತ್ತರಿಸುತ್ತೇನೆ. ಐದು ತಿಂಗಳಲ್ಲಿ ಅಜ್ಜಿ ಮೊಮ್ಮಗ ಆಡಿದ ಮಾತೆಲ್ಲ ನನ್ನ ಬಾಯಿಂದಲೇ ಆಗಿತ್ತು. ಜನವರಿ ಮೊದಲ ವಾರ ಅಮ್ಮ ಊರಿಗೆ ಹೊರಡುವವರಿದ್ದರು.

ನಾಟಕ ಪೂರಾ ಇಂಗ್ಲಿಷಿನದು. ಅಮ್ಮನ ಪಕ್ಕ ಕೂತು ಮೆಲ್ಲಗೆ ಅನುವಾದ ಮಾಡುತ್ತೇನೆ ಎಂದು ನಾನು ಅಂದುಕೊಂಡಿದ್ದೆ. ಗೆಳತಿ ಫೋನಿನಲ್ಲೇ ಬೈದಳು. "ನಾಟಕದ ಮಧ್ಯೆ ಪಿಸುಗುಟ್ಟಿದರೆ ಸುತ್ತಲಿನವರು ಸುಮ್ಮನಿರ್ತಾರಾ? ಮೊದಲೇ ಕಥೆ ಹೇಳಿ ಕರ್ಕೊಂಡು ಹೋಗೋಣ. ಅದನ್ನೂ ನೀನು ಹೇಳ್ಬೇಡ ಕಣೇ, ಮಕ್ಕಳು ಹೇಳ್ಲಿ."

ರವೆ ಕಟ್ಟಿದ ಊರು

ಮನೆಯಲ್ಲಿ ಉಪ್ಪಿಟ್ಟಿನ ರವೆ ಮುಗಿದಿತ್ತು. ಹಿಮದಲ್ಲಿ ಇಂಡಿಯನ್ ಅಂಗಡಿಗೆ ಹೋಗುವವರು ಯಾರು? ಕ್ರೀಮ್ ಆಫ್ ವೀಟ್ ಡಬ್ಬ ತೆಗೆದು ತುಪ್ಪದಲ್ಲಿ ಹುರಿದೆ. ಇಂಡಿಯನ್ ಅಂಗಡಿಗಳು ಇಲ್ಲದ ಕಾಲದಲ್ಲಿ ಅಮೆರಿಕಕ್ಕೆ ಬಂದ ನಮ್ಮ ಹಿರಿಯರು ಎಷ್ಟೋ ವರ್ಷ ಇದರಲ್ಲೇ ಉಪ್ಪಿಟ್ಟು ತಿಂದವರು. ಸ್ವಲ್ಪ ನುಣುಪು ಜಾಸ್ತಿ, ನೀರು ಅಳತೆ ತಪ್ಪಿದರೆ ಅಂಟಾಗುತ್ತದೆ. ಅಮ್ಮ ಒಂದು ತುತ್ತು ತಿಂದು, "ತೊಂದರೆ ಇಲ್ಲ, ಮಾರಾಯ್ತಿ" ಎಂದರು. ಅವರ ಬಾಯಲ್ಲಿ ಅದು ಪಾಸ್ ಮಾರ್ಕು.

ಗೋಧಿ ರವೆಯ ಈ ಡಬ್ಬ ಮೊದಲು ಹುಟ್ಟಿದ್ದು 1893ರಲ್ಲಿ, ಪಕ್ಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿನಲ್ಲಿ. ಬೇಡಿಕೆ ಹೆಚ್ಚಾಗಿ ಕಂಪನಿ 1897ರಲ್ಲಿ ಮಿನಿಯಾಪೊಲಿಸ್‌ಗೆ ಬಂತು. ಯಾಕೆ ಇಲ್ಲಿಗೇ ಎನ್ನುವುದು ಮಿಲ್ ಸಿಟಿ ಮ್ಯೂಸಿಯಮ್ಮಿನಲ್ಲಿ ತಿಳಿಯುತ್ತದೆ. ಮಿಸಿಸಿಪ್ಪಿ ನದಿ ಇಲ್ಲಿ ಸೇಂಟ್ ಆಂಥನಿ ಜಲಪಾತವಾಗಿ ಧುಮುಕುತ್ತದೆ. ಆ ನೀರಿನ ಬಲದಿಂದ ದಡದ ಗಿರಣಿಗಳು ತಿರುಗಿದವು. 1880ರಿಂದ 1930ರವರೆಗೆ ಹಿಟ್ಟು ಬೀಸುವುದರಲ್ಲಿ ಈ ಊರಿಗೆ ಸಮನಾದದ್ದು ಬೇರೆ ಇರಲಿಲ್ಲ.

ಮ್ಯೂಸಿಯಂ ಇರುವುದು ವಾಶ್‌ಬರ್ನ್ 'ಎ' ಮಿಲ್ ಎಂಬ ಹಳೆಯ ಗಿರಣಿಯ ಪಾಳುಗೋಡೆಗಳ ಒಳಗೆ. 1878ರ ಮೇ 2ರಂದು ಗಾಳಿಯಲ್ಲಿ ತುಂಬಿದ್ದ ಹಿಟ್ಟಿನ ಧೂಳಿಗೆ ಕಿಡಿ ತಗುಲಿ ಗಿರಣಿ ಸ್ಫೋಟಗೊಂಡು 18 ಜನ ಸತ್ತರು. ಮತ್ತೆ ಕಟ್ಟಿದರು. 1991ರಲ್ಲಿ, ಗಿರಣಿ ನಿಂತು ಎಷ್ಟೋ ವರ್ಷಗಳಾದ ಮೇಲೆ, ಬೆಂಕಿ ಬಿದ್ದು ಉಳಿದದ್ದು ಗೋಡೆ ಮಾತ್ರ. 2003ರಲ್ಲಿ ಆ ಗೋಡೆಗಳ ನಡುವೆಯೇ ಮ್ಯೂಸಿಯಂ ತೆರೆಯಿತು. ಆ ದಿನ ಒಡೆದ ಗೋಡೆಗಳ ಕಿಟಕಿಗಳಲ್ಲಿ ಹಿಮ ಕೂತಿತ್ತು.

ಮಕ್ಕಳಿಗೆ ಇಷ್ಟವಾದದ್ದು ಫ್ಲೋರ್ ಟವರ್. ದೊಡ್ಡ ಸರಕು ಲಿಫ್ಟಿನಲ್ಲಿ ಎಲ್ಲರನ್ನೂ ಕೂರಿಸಿ ಒಂದೊಂದು ಅಂತಸ್ತಿಗೂ ಕರೆದೊಯ್ಯುತ್ತಾರೆ. ಅಲ್ಲಿ ದುಡಿದವರು ತಮ್ಮ ಕೆಲಸದ ಬಗ್ಗೆ ಹೇಳಿದ ಮಾತು ಕೇಳಿಸುತ್ತದೆ. ಹಿಟ್ಟು, ಧೂಳು, ಯಂತ್ರ, ಬೆಂಕಿಯ ಭಯ. ಅಮ್ಮನಿಗೆ ಹಿಡಿಸಿದ್ದು ಬೀಸುವ ವಿಧಾನ. ಈ ಸೀಮೆಯ ಗಟ್ಟಿ ಗೋಧಿಯನ್ನು ಹಳೆಯ ಕ್ರಮದಲ್ಲಿ ಬೀಸಿದರೆ ತೌಡು ಸೇರಿ ಹಿಟ್ಟು ಕಪ್ಪಾಗುತ್ತಿತ್ತು. ಹಿಟ್ಟಿಗೂ ತೌಡಿಗೂ ನಡುವೆ ಉಳಿಯುವ ತರಿಯನ್ನು ಗಾಳಿ ಮತ್ತು ಜರಡಿಯಿಂದ ಬೇರೆ ಮಾಡಿ ಮತ್ತೆ ಬೀಸುವ ಯಂತ್ರ 1870ರ ಆಸುಪಾಸಿನಲ್ಲಿ ಇಲ್ಲಿ ಬಳಕೆಗೆ ಬಂದ ಮೇಲೆಯೇ ಮಿನಿಯಾಪೊಲಿಸ್‌ನ ಬಿಳಿ ಹಿಟ್ಟು ಹೆಸರು ಮಾಡಿತು.

ಇದನ್ನು ನಾನು ಅಮ್ಮನಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಡುವಿನ ತರಿ ಅಂದ್ರೆ ರವೆಯೇ ಅಲ್ವಾ?"

ರವೆಯೇ. ಬೆಳಿಗ್ಗೆ ತಿಂದದ್ದೂ ಅದೇ. ಮಗ ಅಜ್ಜಿಯ ಕಡೆ ತಿರುಗಿ ನಕ್ಕ. ಆದರೆ ಮಾತಾಡಲಿಲ್ಲ.

ಸೂಪಿನ ಮುಂದೆ ಕಥೆ

ಮಧ್ಯಾಹ್ನದ ಊಟಕ್ಕೆ ಹತ್ತಿರದ ಒಂದು ಹೋಟೆಲಿಗೆ ಹೋದೆವು. ಮಿನೆಸೋಟದಲ್ಲಿ ಚಳಿಗಾಲ ಎಂದರೆ ವೈಲ್ಡ್ ರೈಸ್ ಸೂಪ್. ಸಾಮಾನ್ಯವಾಗಿ ಕೋಳಿ ಹಾಕಿರುತ್ತಾರೆ, ಸಸ್ಯಾಹಾರಿಗಳು ಕೇಳಿಕೊಂಡೇ ತೆಗೆದುಕೊಳ್ಳಬೇಕು. ನಮಗೆ ಅಣಬೆ ಹಾಕಿದ್ದು ಸಿಕ್ಕಿತು. ಹೆಸರಿಗೆ ಅಕ್ಕಿಯಾದರೂ ಇದು ಕೆರೆಗಳ ನೀರಿನಲ್ಲಿ ಬೆಳೆಯುವ ಒಂದು ಜಾತಿಯ ಹುಲ್ಲಿನ ಬೀಜ. ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ಮನೋಮಿನ್ ಎನ್ನುತ್ತಾರೆ. ದೋಣಿಯಲ್ಲಿ ಕೂತು, ತೆನೆ ಬಗ್ಗಿಸಿ, ಕೋಲಿನಿಂದ ತಟ್ಟಿ ಕಾಳು ಉದುರಿಸುತ್ತಾರೆ. ಅಮ್ಮ ಚಮಚದಲ್ಲಿ ನಾಲ್ಕು ಕಾಳು ಎತ್ತಿ ನೋಡಿ, "ಕುಚ್ಚಲಕ್ಕಿ ಗಂಜಿಗೆ ಹಾಲು ಹಾಕಿದ ಹಾಗೆ ಉಂಟು" ಎಂದರು.

ಗೆಳತಿ ಮಕ್ಕಳ ಕಡೆ ನೋಡಿ, "ಈಗ ಅಜ್ಜಿಗೆ ಕಥೆ ಹೇಳಿ. ದೊಡ್ಡೋರು ಯಾರೂ ಬಾಯಿ ಹಾಕೋ ಹಾಗಿಲ್ಲ" ಎಂದಳು.

ಅವಳ ಹನ್ನೊಂದು ವರ್ಷದ ಮಗಳು ಶುರುಮಾಡಿದಳು. "ಒಬ್ಬ ತಾತ ಇದ್ದ. ಸ್ಕ್ರೂಜ್ ಅಂತ. ಅವ್ನ ಹತ್ರ ತುಂಬಾ ದುಡ್ಡಿತ್ತು. ಯಾರಿಗೂ ಕೊಡ್ತಿರ್ಲಿಲ್ಲ."

"ಓ, ಜಿಪುಣ" ಎಂದರು ಅಮ್ಮ.

"ಹಾಂ, ಜಿಪುಣ."

"ಚಳೀಲೂ ಬೆಂಕಿ ಹಾಕಲ್ಲ!" ಎಂದ ಅವಳ ಆರು ವರ್ಷದ ತಮ್ಮ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಸತ್ತುಹೋದ ಪಾಲುದಾರ ಮಾರ್ಲಿ ಸರಪಳಿ ಎಳೆದುಕೊಂಡು ಬರುವವರೆಗೆ ಹುಡುಗಿ ಹೇಗೋ ಎಳೆದಳು. ಮುಂದೆ ಬರುವ ಮೂರು ದೆವ್ವಗಳ ಹತ್ತಿರ ನಿಂತುಬಿಟ್ಟಳು. ಕಥೆಯ ಆ ಭಾಗ ಚೆನ್ನಾಗಿ ಗೊತ್ತಿದ್ದದ್ದು ನನ್ನ ಮಗನಿಗೆ. ಲೈಬ್ರರಿಯಿಂದ ಮಕ್ಕಳ ಆವೃತ್ತಿ ತಂದು ಎರಡು ಸಲ ಓದಿದ್ದ. ಅವನು ಅಭ್ಯಾಸದಂತೆ ನನ್ನ ಮುಖ ನೋಡಿದ. ನಾನು ಸೂಪಿನ ಬಟ್ಟಲು ನೋಡಿದೆ. ಯಾರೂ ಮಾತಾಡಲಿಲ್ಲ. ಅಮ್ಮ ಚಮಚ ಕೆಳಗಿಟ್ಟು, "ಆಮೇಲೆ ಎಂತ ಆಯ್ತು ಮಗಾ? ಹೇಳು ನೋಡುವ" ಎಂದರು.

"ಅಜ್ಜಿ..." ಎಂದು ಅವನು ತುಂಬ ಹೊತ್ತು ಹುಡುಕಿದ. "ಮೂರು ದೆವ್ವ ಬರುತ್ತೆ. ಒಂದು ನಿನ್ನೆಯ ದೆವ್ವ. ಒಂದು ಇವತ್ತಿನ ದೆವ್ವ. ಮತ್ತೆ ನಾಳೆಯ ದೆವ್ವ."

ನನಗೆ ತಿದ್ದುವ ಆಸೆ. ನಿನ್ನೆ ಅಲ್ಲ ಪುಟ್ಟ, ಹಿಂದಿನ ಕಾಲ ಅನ್ನಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಅಮ್ಮನಿಗೆ ಕಥೆ ರುಚಿಸಿತ್ತು. "ನಿನ್ನೆಯದ್ದಕ್ಕೆ ದೆವ್ವ ಅಂತ ಯಾಕೆ ಹೇಳುವುದು? ಭೂತ ಅಂತಲೇ ಉಂಟಲ್ಲ. ಕಳೆದುಹೋದ ಕಾಲಕ್ಕೆ ಭೂತಕಾಲ ಅಂತ ಹೇಳುವುದು ಮಗಾ. ಹಾಗಾದ್ರೆ ಅದು ಭೂತಕಾಲದ ಭೂತ."

"ಸೇಮ್ ವರ್ಡ್?"

"ಒಂದೇ ಶಬ್ದ."

ಭಾನುವಾರದ ಕನ್ನಡ ಕ್ಲಾಸಿನಲ್ಲಿ ಉರು ಹೊಡೆದಿದ್ದ ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ಭೂತ, ವರ್ತಮಾನ, ಭವಿಷ್ಯತ್! ಅದೇ ಮೂರು!" ಎಂದು ಕೂಗಿದಳು. ಶಾಲೆಯಲ್ಲಿ ವರ್ಷಗಟ್ಟಲೆ ವ್ಯಾಕರಣ ಓದಿದ ನನಗೂ ಈ ಕಥೆಗೂ ನಮ್ಮ ಮೂರು ಕಾಲಗಳಿಗೂ ಇರುವ ನಂಟು ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಭೂತ ಕೆಟ್ಟದಾ, ಅಜ್ಜಿ?" ಎಂದು ಮಗ ಕೇಳಿದ. ಐದು ತಿಂಗಳಲ್ಲಿ ಅವನು ಅಜ್ಜಿಗೆ ನೇರವಾಗಿ ಕೇಳಿದ ಮೊದಲ ದೊಡ್ಡ ಪ್ರಶ್ನೆ ಅದು.

"ನಮ್ಮ ಊರಿನ ಭೂತ ಅಂದ್ರೆ ದೈವ. ಕೈಮುಗಿಯುವುದು. ಕೋಲ ಆಗುವಾಗ ರಾತ್ರಿ ಕಾಲಿಗೆ ಗಗ್ಗರ ಕಟ್ಟಿಕೊಂಡು ಬರುತ್ತದೆ. ಮನೆಯ ಯಜಮಾನನನ್ನು ಎದುರಿಗೆ ನಿಲ್ಲಿಸಿ ಕೇಳುತ್ತದೆ. ಹೇಳಿದ ಮಾತು ನಡೆಸಿದ್ದೀಯಾ, ಯಾರಿಗಾದರೂ ಅನ್ಯಾಯ ಮಾಡಿದ್ದೀಯಾ ಅಂತ. ಎಷ್ಟು ದೊಡ್ಡ ಯಜಮಾನ ಆದರೂ ತಲೆ ತಗ್ಗಿಸಿ ನಿಲ್ಲಬೇಕು." ಅಮ್ಮ ಸ್ವಲ್ಪ ಯೋಚಿಸಿ ಸೇರಿಸಿದರು. "ದೆವ್ವ ಆದ್ರೆ ಓಡಿಸಬೇಕು ಮಗಾ. ಭೂತ ಆದ್ರೆ ನಿಂತು ಕೇಳಬೇಕು."

ಮೂರು ಕಡೆ ಜನ, ನಡುವೆ ರಂಗ

ಮ್ಯೂಸಿಯಮ್ಮಿನಿಂದ ಗಥ್ರೀ ಥಿಯೇಟರಿಗೆ ನಡೆದರೆ ಎರಡು ಮೂರು ನಿಮಿಷ. ಟೈರನ್ ಗಥ್ರೀ ಎಂಬ ನಿರ್ದೇಶಕರು ಕಟ್ಟಿದ ಈ ರಂಗಸಂಸ್ಥೆ 1963ರಲ್ಲಿ 'ಹ್ಯಾಮ್ಲೆಟ್' ನಾಟಕದಿಂದ ಶುರುವಾಯಿತು. ನದಿಯ ದಡದ ಈಗಿನ ಕಡುನೀಲಿ ಕಟ್ಟಡ 2006ರದು, ವಿನ್ಯಾಸ ಫ್ರಾನ್ಸಿನ ಜೀನ್ ನೂವೆಲ್ ಅವರದು. 1975ರಿಂದ ಪ್ರತಿ ಚಳಿಗಾಲದಲ್ಲೂ 'ಎ ಕ್ರಿಸ್ಮಸ್ ಕ್ಯಾರೊಲ್' ಇಲ್ಲಿನ ವಾಡಿಕೆ. ಚಾರ್ಲ್ಸ್ ಡಿಕನ್ಸ್ 1843ರ ಡಿಸೆಂಬರಿನಲ್ಲಿ ಪ್ರಕಟಿಸಿದ ಆ ಪುಟ್ಟ ಪುಸ್ತಕವನ್ನು 2021ರಿಂದ ಇಲ್ಲಿ ಆಡುತ್ತಿರುವುದು ಭಾರತೀಯ ಮೂಲದ ಲವೀನಾ ಜಧ್ವಾನಿ ಅವರು ಮಾಡಿದ ರಂಗರೂಪದಲ್ಲಿ.

ದೊಡ್ಡ ರಂಗದಲ್ಲಿ ಸುಮಾರು 1,100 ಆಸನಗಳು. ವೇದಿಕೆ ಜನರ ನಡುವೆ ಚಾಚಿಕೊಂಡಿದೆ, ಪ್ರೇಕ್ಷಕರು ಮೂರು ಕಡೆ. ಒಳಗೆ ಕಾಲಿಡುತ್ತಲೇ ಅಮ್ಮನ ಮುಖ ಅರಳಿತು. "ಬಯಲಾಟದ ಹಾಗೆಯೇ ಕೂರುವುದಲ್ವಾ ಇಲ್ಲಿಯೂ?" ರಾತ್ರಿಯಿಡೀ ಗದ್ದೆಯಲ್ಲಿ ಚಾಪೆ ಹಾಸಿ ಯಕ್ಷಗಾನ ನೋಡಿದ ಅವರಿಗೆ ಅರ್ಥವಾಗದ ಭಾಷೆಯ ನಾಟಕಕ್ಕಿಂತ ಅರ್ಥವಾಗದ ಸಭಾಂಗಣದ ಬಗ್ಗೆ ಹೆಚ್ಚು ಅಳುಕಿತ್ತು ಎಂದು ಆಗ ಗೊತ್ತಾಯಿತು.

ಕೂರುವಾಗ ಗೆಳತಿ ಬೇಕೆಂದೇ ನನ್ನನ್ನು ಸಾಲಿನ ಆ ತುದಿಗೆ ತಳ್ಳಿದಳು. ಅಮ್ಮನ ಒಂದು ಪಕ್ಕ ಮಗ, ಇನ್ನೊಂದು ಪಕ್ಕ ಅವಳ ಮಗಳು.

ದೀಪ ಆರಿತು. ಮಾರ್ಲಿ ಬರುವ ಹೊತ್ತಿಗೆ ಆರು ವರ್ಷದವನು ಅಪ್ಪನ ಜಾಕೆಟ್ಟಿನೊಳಗೆ ಮುಖ ಹುದುಗಿಸಿಯಾಗಿತ್ತು. ನಾನು ನಾಟಕಕ್ಕಿಂತ ಹೆಚ್ಚಾಗಿ ಸಾಲಿನ ಆ ಕಡೆಯೇ ನೋಡುತ್ತಿದ್ದೆ. ಅಮ್ಮ ಮುಂದಕ್ಕೆ ಬಾಗಿ ಕೂತಿದ್ದರು. ಸರಪಳಿಯ ಸದ್ದಿಗೆ ಅವರ ಕೈ ತಾನಾಗಿ ಮೊಮ್ಮಗನ ಕೈ ಮೇಲೆ ಹೋಯಿತು. ಯಾರೂ ಪಿಸುಗುಟ್ಟಲಿಲ್ಲ. ಬಾಲ್ಯದ ಶಾಲೆಯಲ್ಲಿ ಒಂಟಿಯಾಗಿ ಉಳಿದ ಹುಡುಗನಾಗಿ ತನ್ನನ್ನೇ ಕಾಣುವ ಮುದುಕ, ಫೆಜಿವಿಗ್ ಮನೆಯ ಕುಣಿತ, ಗುಮಾಸ್ತ ಬಾಬ್ ಕ್ರಾಚಿಟ್‌ನ ಮನೆಯ ಬಡ ಹಬ್ಬದೂಟ, ಊರುಗೋಲಿನ ಪುಟ್ಟ ಟಿಮ್. ಇದಕ್ಕೆ ಅನುವಾದ ಬೇಕಿರಲಿಲ್ಲ.

ಮಧ್ಯಂತರದಲ್ಲಿ ನಾನು ಜನರ ನಡುವೆ ದಾರಿ ಮಾಡಿಕೊಂಡು ಅವರ ಬಳಿ ಹೋಗುವಷ್ಟರಲ್ಲಿ ಮಗ ಹೇಳುತ್ತಿದ್ದ: "ಅಜ್ಜಿ, ಇದು ದೆವ್ವ ಅಲ್ಲ. ಭೂತಾನೇ. ಯಾಕಂದ್ರೆ ಸ್ಕ್ರೂಜ್ ಓಡಿ ಹೋಗ್ಲಿಲ್ಲ. ನಿಂತ್ಕೊಂಡು ಕೇಳ್ದ."

"ಹೌದು ಮಾರಾಯ. ಯಜಮಾನನಿಗೆ ಬುದ್ಧಿ ಬರ್ತಾ ಉಂಟು" ಎಂದರು ಅಮ್ಮ. ನಾನು ತಿರುಗಿ ಕಾಫಿ ಸಾಲಿನಲ್ಲಿ ನಿಂತೆ.

ಆಚೆ ದಡವಿಲ್ಲದ ಸೇತುವೆ

ನಾಟಕ ಮುಗಿದ ಮೇಲೆ ಎಂಡ್‌ಲೆಸ್ ಬ್ರಿಜ್‌ಗೆ ಹೋದೆವು. ಕಟ್ಟಡದಿಂದ 178 ಅಡಿ ನದಿಯ ಕಡೆಗೆ ಚಾಚಿ ಗಾಳಿಯಲ್ಲೇ ನಿಲ್ಲುವ ಸೇತುವೆ ಇದು. ತುದಿಯ ಬಯಲಿನಿಂದ ಜಲಪಾತ, ಹಳೆಯ ಗಿರಣಿಗಳು, 1883ರಲ್ಲಿ ರೈಲಿಗೆಂದು ಕಟ್ಟಿ ಈಗ ಜನ ನಡೆದಾಡುವ ಕಲ್ಲುಕಮಾನಿನ ಸೇತುವೆ, ಎಲ್ಲ ಒಟ್ಟಿಗೆ ಕಾಣುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಬೆಳಕು ಇಳಿಯುತ್ತದೆ. ದಡದ ಮಂಜುಗಡ್ಡೆಯ ನಡುವೆ ಕಪ್ಪು ನೀರು ಹರಿಯುತ್ತಿತ್ತು.

"ಇದೆಂಥ ಸೇತುವೆ? ಆಚೆ ದಡಕ್ಕೆ ಮುಟ್ಟುವುದೇ ಇಲ್ಲ!" ಎಂದರು ಅಮ್ಮ.

"ಸುಮ್ನೆ ನೋಡಕ್ಕೆ, ಅಜ್ಜಿ" ಎಂದ ಮಗ. ಅಜ್ಜಿಯ ಟೋಪಿ ಕಿವಿಯ ಮೇಲೆ ಎಳೆದು ಸರಿಮಾಡಿದ.

ಆ ಸಂಜೆ ಗೆಳತಿಯ ಮನೆಯಲ್ಲಿ ಅವಳ ಬಿಸಿಬೇಳೆಬಾತ್, ಅಮ್ಮನ ಗೋಳಿಬಜೆ. ಮೈದಾ ಯಾವುದು ಗೊತ್ತೇ? ಬೆಳಿಗ್ಗೆ ನಾವು ನೋಡಿ ಬಂದ ಗಿರಣಿಯ ಕಂಪನಿ 1880ರಲ್ಲಿ ಸಿನ್ಸಿನಾಟಿಯ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದು, ಆ ನೆನಪಿಗೆ ಹೆಸರಿಟ್ಟ ಗೋಲ್ಡ್ ಮೆಡಲ್ ಹಿಟ್ಟು. ಹುಳಿ ಮೊಸರು ಸಿಗಲಿಲ್ಲವೆಂದು ಅಮ್ಮ ಸ್ವಲ್ಪ ನಿಂಬೆಹುಳಿ ಹಿಂಡಿದರು. ಮಕ್ಕಳು ಬಾಣಲೆಯ ಬಳಿಯಿಂದ ಕದಲಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮಗ ಮತ್ತೆ ಇಂಗ್ಲಿಷಿಗೆ ಹೊರಳಿದ. ನಾನೂ ಸುಮ್ಮನಿದ್ದೆ. ಆದರೆ ಮಲಗುವ ಹೊತ್ತಿಗೆ ಅಮ್ಮನ ಕೋಣೆಯಿಂದ ಮಾತು ಕೇಳಿಸಿತು. "ಅಜ್ಜಿ, ನಿಮ್ಮ ಭೂತ ಯಾವ ಬಣ್ಣ ಇರುತ್ತೆ? ಅದು ಮಕ್ಕಳಿಗೂ ಕೇಳುತ್ತಾ?" ನಡುನಡುವೆ ಇಂಗ್ಲಿಷ್, ತಪ್ಪು ವಿಭಕ್ತಿ, ಅಜ್ಜಿಯ ನಗು. ಬಾಗಿಲವರೆಗೆ ಹೋದವಳು ಒಳಗೆ ಹೋಗದೆ ವಾಪಸು ಬಂದೆ.

ನೀವೂ ಹೊರಡುವುದಾದರೆ

ಮಿನಿಯಾಪೊಲಿಸ್‌ಗೆ ಬರುವವರು ರಜೆಯ ವಾರಾಂತ್ಯದ ಟಿಕೆಟನ್ನು ಅಕ್ಟೋಬರಿನಲ್ಲೇ ತೆಗೆದುಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ವಯಸ್ಸಿನ ಸೂಚನೆ ಓದಿ, ದೆವ್ವದ ದೃಶ್ಯಗಳು ನಿಜಕ್ಕೂ ಹೆದರಿಸುತ್ತವೆ. ಊರಿನಿಂದ ಬಂದ ಹಿರಿಯರಿಗೆ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ, ಸಭಾಂಗಣದಲ್ಲಿ ಸೆಕೆಯಾದರೆ ಒಂದೊಂದಾಗಿ ತೆಗೆಯಬಹುದು. ಹಿಮಕ್ಕೆ ಹಿಡಿತವಿರುವ ಬೂಟು ಬೇಕೇ ಬೇಕು. ಎಂಡ್‌ಲೆಸ್ ಬ್ರಿಜ್ ನೋಡಲು ನಾಟಕದ ಟಿಕೆಟ್ ಬೇಕಿಲ್ಲ.

ನೀವು ಲಂಡನ್ನಿನಲ್ಲಿರಿ, ಟೊರೊಂಟೊದಲ್ಲಿರಿ, ಹತ್ತಿರದಲ್ಲೇ ಇಂಥದೊಂದು ಚಳಿಗಾಲದ ನಾಟಕ ಇರುತ್ತದೆ. ಅಜ್ಜಿ ತಾತ ಜೊತೆಗಿದ್ದರೆ ಕಥೆ ಹೇಳುವ ಕೆಲಸ ಮಕ್ಕಳಿಗೇ ಬಿಡಿ. ಅಜ್ಜಿಗೆ ನಿಜವಾಗಿ ಗೊತ್ತಿಲ್ಲದ, ಮಗುವಿಗೆ ಚೆನ್ನಾಗಿ ಗೊತ್ತಿರುವ ಕಥೆಯಾಗಿರಲಿ. ಪದ ಸಿಗದೆ ಮಗು ತಡವರಿಸಿದಾಗ ಕಾಯಿರಿ, ಆ ಪದ ಅಜ್ಜಿಯ ಬಳಿ ಇರುತ್ತದೆ. ನನ್ನ ಮಗನಿಗೆ ಕನ್ನಡ ಬೇಕಾಗದೆ ಇದ್ದದ್ದು ನಾನು ಸದಾ ನಡುವೆ ನಿಂತಿದ್ದರಿಂದ ಎಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು.

ಅಮ್ಮ ಊರಿಗೆ ಹೋಗಿ ಈಗ ಕೆಲವು ವಾರಗಳಾದವು. ಮಗ ಮನೆಯಲ್ಲಿ ಇನ್ನೂ ಹೆಚ್ಚಾಗಿ ಇಂಗ್ಲಿಷನ್ನೇ ಮಾತಾಡುತ್ತಾನೆ. ಭಾನುವಾರ ಬೆಳಿಗ್ಗೆ ಅಜ್ಜಿಯ ವಿಡಿಯೊ ಕಾಲ್ ಬಂದಾಗ ಮಾತ್ರ ನಾನು ಫೋನು ಅವನ ಕೈಗೆ ಕೊಟ್ಟು, ಬೂಟು ಹಾಕಿಕೊಂಡು, ಅಂಗಳದ ಹಿಮ ತೆಗೆಯಲು ಹೋಗುತ್ತೇನೆ. ಹಿಮ ಬೀಳದ ವಾರವೂ ಹೋಗುತ್ತೇನೆ.